ಆಟದೊಳಗಿನ ಟ್ರೇಡಿಂಗ್ ಮೋಸ: ಮಲೆನಾಡಿನ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ರೋಬ್ಲಾಕ್ಸ್, ಕೌಂಟರ್ ಸ್ಟ್ರೈಕ್ 2 ಆಡುವವರಿಗೂ ಅವರ ಮನೆಯವರಿಗೂ ಬರೆದದ್ದು ಇದು. ಒಂದೊಂದು ಆಟದ ನಿಯಮ ಒಂದೊಂದು ಥರ. ಮೋಸದ ದಾರಿ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಆಟ ಕೊಟ್ಟಿರುವ ಟ್ರೇಡ್ ವಿಂಡೋದಿಂದ (ಇಬ್ಬರು ಆಟಗಾರರು ವಸ್ತು ಅದಲುಬದಲು ಮಾಡುವ ಪರದೆ) ನಿಮ್ಮನ್ನು ಹೊರಗೆ ಕರೆದುಕೊಂಡು ಹೋಗುವುದು, ಅಲ್ಲಿ ಅವಸರ ಮಾಡಿಸುವುದು.

ಯಾವ ಆಟದಲ್ಲಿ ಟ್ರೇಡ್ ನಿಜವಾಗಿಯೂ ಇದೆ?

ಇದೊಂದು ಗೊತ್ತಿದ್ದರೆ ಅರ್ಧ ಮೋಸ ಬಾಗಿಲಲ್ಲೇ ನಿಲ್ಲುತ್ತದೆ. ಬಿಜಿಎಂಐನಲ್ಲಿ ಆಟದೊಳಗಿನ ಹಣವಾದ ಯೂಸಿಯನ್ನು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಗಾಯಿಸಲು ಬರುವುದಿಲ್ಲ. ಫ್ರೀ ಫೈರ್ ಮ್ಯಾಕ್ಸ್‌ನ ಡೈಮಂಡ್ ಕೂಡ ಹಾಗೆಯೇ. ಫ್ರೆಂಡ್ ಲಿಸ್ಟ್‌ನಲ್ಲಿರುವವರಿಗೆ ಆಟದ ಅಂಗಡಿಯಿಂದ ಕೆಲವು ವಸ್ತು ಗಿಫ್ಟ್ ಮಾಡಬಹುದು, ಅದು ಬೇರೆ ಮಾತು. "ಗುರು, ನನ್ನ ಹತ್ರ 3000 ಯೂಸಿ ಇದೆ, ನಿನ್ ಐಡಿಗೆ ಹಾಕ್ತೀನಿ, ಲಾಗಿನ್ ಕೊಡು" ಎಂದವರ ಮಾತು ಅಲ್ಲೇ ಸುಳ್ಳಾಯಿತು.

ಕೌಂಟರ್ ಸ್ಟ್ರೈಕ್ 2ರ ಸ್ಕಿನ್‌ಗಳಿಗೆ (ಬಂದೂಕು, ಚಾಕುಗಳ ಬಣ್ಣದ ಹೊದಿಕೆ) ಸ್ಟೀಮ್‌ನ ಟ್ರೇಡ್ ಆಫರ್ ಇದೆ; ಸ್ಟೀಮ್ ಎಂದರೆ ಆ ಆಟ ಸಿಗುವ ಆನ್‌ಲೈನ್ ಅಂಗಡಿ. ರೋಬ್ಲಾಕ್ಸ್‌ನಲ್ಲಿ ಲಿಮಿಟೆಡ್ ವಸ್ತುಗಳಿಗೆ ಕಂಪನಿಯದೇ ಟ್ರೇಡ್ ಪುಟ ಇದೆ, ಪೆಟ್ (ಸಾಕುಪ್ರಾಣಿ) ಕೂಡಿಸುವ ಅಡಾಪ್ಟ್ ಮಿಯಂಥ ಆಟಗಳೊಳಗೆ ಪ್ರತ್ಯೇಕ ಟ್ರೇಡ್ ವಿಂಡೋ ಇದೆ. ಆ ವಿಂಡೋದಲ್ಲಿ ಏನು ಇಡಲು ಜಾಗವಿದೆಯೋ ಅಷ್ಟಕ್ಕೆ ಮಾತ್ರ ರಕ್ಷಣೆ. ಅಡಾಪ್ಟ್ ಮಿಯ ವಿಂಡೋದಲ್ಲಿ ರೋಬ್ಲಾಕ್ಸ್‌ನ ಹಣವಾದ ರೋಬಕ್ಸ್ ಇಡಲು ಜಾಗವಿಲ್ಲ, ರೂಪಾಯಿ ಇಡಲೂ ಇಲ್ಲ. "ಪೆಟ್ ಈಗ ಕೊಡು, ರೋಬಕ್ಸ್ ಆಮೇಲೆ ಹಾಕ್ತೀನಿ" ಎನ್ನುವುದಕ್ಕೆ ಯಾರೂ ಹೊಣೆ ಇಲ್ಲ.

ಅರ್ಧ ಬೆಲೆಗೆ ಯೂಸಿ ಅಥವಾ ಡೈಮಂಡ್ ಹಾಕಿಕೊಡುತ್ತಾರಲ್ಲ, ಕೆಲವರಿಗೆ ಬಂದೂ ಇದೆ?

ಬರುತ್ತದೆ, ಅದೇ ಅಪಾಯ. ಕದ್ದ ಕಾರ್ಡಿನಿಂದ ಕೊಂಡದ್ದು ಅಥವಾ ಕೊಂಡ ಮೇಲೆ ರೀಫಂಡ್ ಹಾಕಿದ್ದು ಮೊದಲ ಕೆಲವು ದಿನ ಖಾತೆಯಲ್ಲಿ ಸರಿಯಾಗಿಯೇ ಕಾಣುತ್ತದೆ. ಕಾರ್ಡಿನ ಯಜಮಾನರು ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸಾದಾಗ ಕಂಪನಿ ಆ ಯೂಸಿಯನ್ನು ಕಿತ್ತುಕೊಳ್ಳುತ್ತದೆ. ನೀವು ಆಗಲೇ ಖರ್ಚು ಮಾಡಿದ್ದರೆ ಬ್ಯಾಲೆನ್ಸ್ ಮೈನಸ್‌ಗೆ ಹೋಗಬಹುದು, ಖಾತೆ ಬ್ಯಾನ್ ಆಗಬಹುದು. ಹಾಕಿಕೊಟ್ಟವರು ಅಷ್ಟರಲ್ಲಿ ನಂಬರ್ ಬದಲಿಸಿರುತ್ತಾರೆ.

ಆಟದ ಹೊರಗಿನ ಅಧಿಕೃತ ಟಾಪ್-ಅಪ್‌ಗೆ ಬೇಕಾಗುವುದು ನಿಮ್ಮ ಪ್ಲೇಯರ್ ಐಡಿ ಸಂಖ್ಯೆ ಮಾತ್ರ. ಪಾಸ್‌ವರ್ಡ್, ಓಟಿಪಿ, ಗೂಗಲ್ ಲಾಗಿನ್ ಕೇಳಿದರೆ ಅವರು ಬಂದಿರುವುದು ನಿಮ್ಮ ಖಾತೆಗಾಗಿ.

ಒಳ್ಳೆಯ ಐಡಿ (ಆಟದ ಖಾತೆ) ಸಿಕ್ಕರೆ ಕೊಂಡುಕೊಳ್ಳಬಹುದೇ?

ಬೇಡ. ಇದಕ್ಕೆ ಸುರಕ್ಷಿತ ವಿಧಾನ ಎಂಬುದಿಲ್ಲ. ಪಾಸ್‌ವರ್ಡ್ ಬದಲಿಸಿ, ಫೋನ್ ನಂಬರ್ ಬದಲಿಸಿ, ಇಮೇಲ್ ಕೂಡ ಬದಲಿಸಿ ಕೊಟ್ಟರೂ ಖಾತೆ ತೆರೆದ ಮೊದಲ ಇಮೇಲ್, ಹಳೆಯ ಖರೀದಿಯ ರಸೀದಿ ಮೊದಲಿನ ಯಜಮಾನನ ಹತ್ತಿರವೇ ಉಳಿದಿರುತ್ತವೆ. ಒಂದು ತಿಂಗಳು ಸುಮ್ಮನಿದ್ದು "ನನ್ನ ಖಾತೆ ಹ್ಯಾಕ್ ಆಗಿದೆ" ಎಂದು ಕಂಪನಿಗೆ ಬರೆದರೆ ಪುರಾವೆ ಇರುವುದು ಅವನ ಬಳಿ. ನೀವು ದೂರು ಕೊಡಲು ಹೋದರೆ ಐಡಿ ಮಾರಾಟವೇ ನಿಯಮಕ್ಕೆ ವಿರುದ್ಧ ಎಂದು ಎರಡೂ ಕಡೆಯವರಿಗೆ ಬಾಗಿಲು ಮುಚ್ಚುತ್ತದೆ. ಒಂದೇ ಐಡಿಯನ್ನು ನಾಲ್ಕೈದು ಜನಕ್ಕೆ ಮಾರಿ ನಾಲ್ಕೈದು ಸಲ ಹಿಂಪಡೆಯುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ.

ಟ್ರೇಡ್ ವಿಂಡೋದಲ್ಲೇ ಮಾಡಿದರೂ ಮೋಸ ಹೇಗಾಗುತ್ತದೆ?

ಅಡಿಕೆ ಮಂಡಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರಾಶಿ ಇಡಿ ಎಂಬ ಮೇಲ್ದರ್ಜೆಯ ಅಡಿಕೆಯ ಮಾದರಿ ತೋರಿಸಿ, ಚೀಲದಲ್ಲಿ ಕೀಳುದರ್ಜೆಯ ಗೊರಬಲು ತುಂಬುವ ಕೆಲಸ. ಮೊದಲು ವಿಂಡೋದಲ್ಲಿ ಸರಿಯಾದ ವಸ್ತು ಇಡುತ್ತಾರೆ. ಮಾತಾಡುತ್ತ ಮಾತಾಡುತ್ತ ಏನೋ ನೆಪ ತೆಗೆದು ವಾಪಸ್ ತೆಗೆಯುತ್ತಾರೆ, ಮತ್ತೆ ಇಡುವಾಗ ನೋಡಲು ಅದರಂತೆಯೇ ಇರುವ ಅಗ್ಗದ್ದನ್ನು ಇಡುತ್ತಾರೆ. "ಬೇಗ ಒತ್ತು, ನಂಗೆ ಕ್ಲಾಸ್ ಇದೆ" ಎನ್ನುತ್ತಾರೆ.

ಕೌಂಟರ್ ಸ್ಟ್ರೈಕ್‌ನಲ್ಲಿ ಒಂದೇ ಹೆಸರಿನ ಸ್ಕಿನ್‌ಗೆ ಐದು ದರ್ಜೆ ಇದೆ. ಅದನ್ನು ತೀರ್ಮಾನಿಸುವುದು ಫ್ಲೋಟ್ ಎಂಬ ಸಂಖ್ಯೆ. 0.07ರ ಒಳಗಿದ್ದರೆ ಫ್ಯಾಕ್ಟರಿ ನ್ಯೂ, 0.07ರಿಂದ 0.15ರವರೆಗೆ ಮಿನಿಮಲ್ ವೇರ್, 0.38ರವರೆಗೆ ಫೀಲ್ಡ್ ಟೆಸ್ಟೆಡ್, 0.45ರವರೆಗೆ ವೆಲ್ ವೋರ್ನ್, ಅದರಾಚೆ ಬ್ಯಾಟಲ್ ಸ್ಕಾರ್ಡ್. ಚಿಕ್ಕ ಚಿತ್ರದಲ್ಲಿ ಮೊದಲ ಎರಡಕ್ಕೆ ವ್ಯತ್ಯಾಸವೇ ತಿಳಿಯದು, ಬೆಲೆಯಲ್ಲಿ ಮಾತ್ರ ತಿಳಿಯುತ್ತದೆ. ವಸ್ತುವಿನ ಮೇಲೆ ಒತ್ತಿ ಇನ್‌ಸ್ಪೆಕ್ಟ್ ಮಾಡಿ ದರ್ಜೆ ಓದಬೇಕು. ಇನ್ನೊಂದು ಕಳ್ಳದಾರಿ ನೇಮ್ ಟ್ಯಾಗ್. ಅಗ್ಗದ ಬಂದೂಕಿಗೆ ದುಬಾರಿ ಸ್ಕಿನ್‌ನ ಹೆಸರನ್ನೇ ಇಡುತ್ತಾರೆ. ಹೆಸರು ಉದ್ಧರಣ ಚಿಹ್ನೆಯ ಒಳಗೆ ಕಂಡರೆ ಅದು ಯಾರೋ ಇಟ್ಟ ಹೆಸರು, ಅಸಲಿ ಹೆಸರು ವಿವರದಲ್ಲಿರುತ್ತದೆ.

ಅಡಾಪ್ಟ್ ಮಿಯಲ್ಲಿ ಪೆಟ್‌ನ ಚಿತ್ರದ ಜೊತೆ ಬರುವ ಅಕ್ಷರ ನೋಡಿ: ಫ್ಲೈ, ರೈಡ್, ನಿಯಾನ್, ಮೆಗಾ ನಿಯಾನ್ ಪ್ರತಿಯೊಂದಕ್ಕೂ ಒಂದು ಅಕ್ಷರ. ಮೊದಲ ಸಲ ಇಟ್ಟಾಗ ಇದ್ದ ಅಕ್ಷರ ಎರಡನೇ ಸಲ ಇಲ್ಲದಿದ್ದರೆ ಟ್ರೇಡ್ ರದ್ದು ಮಾಡಿ ಎದ್ದುಬಿಡಿ. ಏನೇ ಬದಲಾದರೂ ಮೊದಲಿನಿಂದ ಇಡೀ ಪಟ್ಟಿ ಓದುವ ಅಭ್ಯಾಸ ಮಾಡಿಕೊಳ್ಳಿ, ಜೋರಾಗಿ ಓದಿದರೆ ಇನ್ನೂ ಒಳ್ಳೆಯದು.

"ವಿಂಡೋದಲ್ಲಿ ಜಾಗ ಸಾಲಲ್ಲ, ಎರಡು ಸಲ ಮಾಡೋಣ" ಎಂದರೆ?

ಒಂದೊಂದು ಟ್ರೇಡೂ ಅಷ್ಟಕ್ಕಷ್ಟೇ ಮುಗಿದ ಲೆಕ್ಕ. ಎರಡನೆಯದು ಆಗುತ್ತದೆಂದು ಆಟಕ್ಕೆ ಗೊತ್ತಿಲ್ಲ. ಭಾಗ ಮಾಡಲೇಬೇಕಿದ್ದರೆ ಪ್ರತಿ ಭಾಗವೂ ಅದರಷ್ಟಕ್ಕೇ ಸಮವಾಗಿರುವಂತೆ ಹಂಚಿ. ಒಪ್ಪದಿದ್ದರೆ ಬಿಡಿ.

ಟ್ರೇಡ್ ನಡುವೆ ನೆಟ್ ಹೋದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ ಕಡೆ ಇದು ದಿನದ ಪಾಡು. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಮೋಸಗಾರರಿಗೆ ಈ ನೆಪ ಬಹಳ ಅನುಕೂಲ: "ನಂಗೇನೂ ಬಂದಿಲ್ಲ ಮಾರಾಯ, ನೆಟ್ ಹೋಯ್ತು, ಇನ್ನೊಂದ್ಸಲ ಕೊಡು."

ವಾಪಸ್ ಬಂದ ಕೂಡಲೇ ಚಾಟ್ ನೋಡಬೇಡಿ. ಮೊದಲು ನಿಮ್ಮ ಇನ್ವೆಂಟರಿ, ಆಮೇಲೆ ಟ್ರೇಡ್ ಹಿಸ್ಟರಿ ನೋಡಿ. ಎರಡೂ ಕಡೆಯವರು ಕನ್‌ಫರ್ಮ್ ಮಾಡದೆ ಟ್ರೇಡ್ ಪೂರ್ಣವಾಗುವುದಿಲ್ಲ. ಪೂರ್ಣವಾಗಿದ್ದರೆ ವಸ್ತು ಅವರಿಗೆ ಹೋಗಿದೆ ಎಂದೇ ಅರ್ಥ.

ಯುಪಿಐ ಹಣ ನಡುವೆ ಸಿಕ್ಕಿಬಿದ್ದರೆ ಎರಡನೇ ಸಲ ಕಳಿಸಬೇಡಿ. ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಜಮಾ ಆಗದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು, ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2019ರಿಂದ ಇದೆ.

ಲಾಗಿನ್ ಪುಟ ನಕಲಿಯೇ ಎಂದು ಗುರುತಿಸುವುದು ಹೇಗೆ?

ವಿಳಾಸ ಓದಬೇಕು ಎನ್ನುವುದು ಹಳೆಯ ಬುದ್ಧಿಮಾತು, ಈಗ ಅದಷ್ಟೇ ಸಾಲದು. ಪುಟದೊಳಗೇ ಒಂದು ಸುಳ್ಳು ಪುಟ್ಟ ಕಿಟಕಿ ಬರೆದು, ಅದರ ನೆತ್ತಿಯ ಮೇಲೆ ಸ್ಟೀಮ್‌ನ ಸರಿಯಾದ ವಿಳಾಸವನ್ನೂ ಬೀಗದ ಗುರುತನ್ನೂ ಚಿತ್ರದಂತೆ ಬಿಡಿಸಿರುತ್ತಾರೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಸುಲಭ: ಆ ಕಿಟಕಿಯನ್ನು ಮೌಸ್‌ನಿಂದ ಹಿಡಿದು ಬ್ರೌಸರಿನ ಅಂಚು ದಾಟಿಸಿ ಎಳೆಯಿರಿ. ಅಸಲಿಯಾದರೆ ಹೊರಗೆ ಬರುತ್ತದೆ, ನಕಲಿ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಇನ್ನೊಂದು ಸೂಚನೆ ಸಿಗುತ್ತದೆ: ನಕಲಿ ಪುಟದಲ್ಲಿ ಅದು ತಾನಾಗಿ ತುಂಬುವುದಿಲ್ಲ.

ಕ್ಯೂಆರ್ ಕೋಡ್ ಬಗ್ಗೆಯೂ ಎಚ್ಚರ ಬೇಕು. ಸ್ಟೀಮ್ ಆ್ಯಪ್‌ನಿಂದ ಅಥವಾ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಿಂದ ಅಪರಿಚಿತ ಕೋಡ್ ಸ್ಕ್ಯಾನ್ ಮಾಡಿ ಒಪ್ಪಿದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆಯುತ್ತದೆ. ಪಾಸ್‌ವರ್ಡ್ ಕೇಳುವ ಅಗತ್ಯವೇ ಅವರಿಗೆ ಬರುವುದಿಲ್ಲ.

ರೋಬ್ಲಾಕ್ಸ್‌ನ ಮಕ್ಕಳಿಗೆ ಹೆಚ್ಚಾಗಿ ಬರುವುದು ಕುಕಿ (ನೀವು ಲಾಗಿನ್ ಆಗಿದ್ದೀರೆಂದು ಬ್ರೌಸರ್ ಇಟ್ಟುಕೊಂಡಿರುವ ಗುರುತು) ಕಳ್ಳತನ. "ಅವತಾರ್ ಕಾಪಿ ಮಾಡೋ ಟೂಲ್" ಎಂದು ಹೇಳಿ ಬ್ರೌಸರಿನ ಒಳಗಿನಿಂದ ಉದ್ದದ ಕೋಡ್ ತೆಗೆದು ಅಂಟಿಸಲು ಹೇಳುತ್ತಾರೆ. ಆ ಕೋಡ್ ಶುರುವಾಗುವುದೇ ಇದನ್ನು ಯಾರಿಗೂ ಕೊಡಬೇಡಿ ಎಂಬ ಎಚ್ಚರಿಕೆಯಿಂದ. ಕೊಟ್ಟರೆ ಪಾಸ್‌ವರ್ಡೂ ಎರಡನೇ ಹಂತದ ಭದ್ರತೆಯೂ ಇಲ್ಲದೆ ಅವರು ಒಳಗೆ ಬರುತ್ತಾರೆ.

ಸರಿಯಾದ ಜಾಗಕ್ಕೇ ಟ್ರೇಡ್ ಕಳಿಸಿದೆ, ಸ್ಕಿನ್ ಬೇರೆ ಯಾರಿಗೋ ಹೋಯಿತು. ಹೇಗೆ?

ಇದು ಎಪಿಐ ಕೀ ಮೋಸ. ಎಪಿಐ ಕೀ ಎಂದರೆ ಖಾತೆಯ ಟ್ರೇಡ್‌ಗಳನ್ನು ಪ್ರೋಗ್ರಾಮ್ ಒಂದು ನೋಡಲು, ರದ್ದು ಮಾಡಲು ಬಿಡುವ ಗುಪ್ತ ಸಂಕೇತ. ಸ್ಟೀಮ್‌ನಲ್ಲಿ ಇದರಷ್ಟು ಜಾಣತನದ್ದು ಇನ್ನೊಂದಿಲ್ಲ. ಹಿಂದೆ ಎಂದೋ ನಕಲಿ ಪುಟದಲ್ಲಿ ಲಾಗಿನ್ ಆಗಿರುತ್ತೀರಿ, ಆಗ ಏನೂ ಆಗಿರುವುದಿಲ್ಲ. ಅವರು ನಿಮ್ಮ ಖಾತೆಯಲ್ಲಿ ಒಂದು ಎಪಿಐ ಕೀ ಮಾಡಿಟ್ಟು ಕಾಯುತ್ತಾರೆ. ನೀವು ದುಬಾರಿ ವಸ್ತುವನ್ನು ಯಾರಿಗೋ ಕಳಿಸಿದ ಕ್ಷಣದಲ್ಲಿ ಅವರ ಪ್ರೋಗ್ರಾಮ್ ಆ ಆಫರ್ ರದ್ದು ಮಾಡಿ, ಅದೇ ಹೆಸರು ಅದೇ ಫೋಟೊ ಇರುವ ತಮ್ಮ ಖಾತೆಗೆ ಹೊಸ ಆಫರ್ ಹೂಡುತ್ತದೆ. ನೀವು ಫೋನಿನಲ್ಲಿ ಒಪ್ಪುವುದು ಈ ಎರಡನೆಯದನ್ನು.

ಹಿಡಿಯಲು ಒಂದೇ ಜಾಗ ಇದೆ, ಫೋನಿನ ಕನ್‌ಫರ್ಮ್ ಪರದೆ. ಅಲ್ಲಿ ಎದುರಿನವರ ಸ್ಟೀಮ್ ಲೆವೆಲ್, ಅವರು ಸ್ಟೀಮ್ ಸೇರಿದ ದಿನ ನೋಡಿ. ಹೆಸರೂ ಫೋಟೊವೂ ನಕಲಾಗುತ್ತವೆ, ಸೇರಿದ ದಿನ ನಕಲಾಗದು.

ಅನುಮಾನ ಬಂದರೆ ಈ ಕ್ರಮದಲ್ಲಿ ಸರಿಪಡಿಸಿ:
1. ವೈರಸ್ ಇಲ್ಲದ ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಇಮೇಲ್‌ನ ಪಾಸ್‌ವರ್ಡನ್ನೂ ಬದಲಿಸಿ.
2. ಸ್ಟೀಮ್ ಸೆಟ್ಟಿಂಗ್‌ನಲ್ಲಿ ಉಳಿದೆಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ.
3. ಎಪಿಐ ಕೀ ಪುಟ ತೆರೆದು, ನೀವು ಮಾಡದ ಕೀ ಇದ್ದರೆ ಅಳಿಸಿ. ಸಾಮಾನ್ಯ ಆಟಗಾರರಿಗೆ ಈ ಕೀ ಬೇಕಾಗುವುದೇ ಇಲ್ಲ.
4. ಹೊಸ ಟ್ರೇಡ್ ಲಿಂಕ್ (ಬೇರೆಯವರು ನಿಮಗೆ ಆಫರ್ ಕಳಿಸಲು ಬಳಸುವ ವಿಳಾಸ) ಮಾಡಿಕೊಳ್ಳಿ.

ಕೀ ಅಳಿಸಿ ಪಾಸ್‌ವರ್ಡ್ ಬದಲಿಸದಿದ್ದರೆ ಅವರು ಒಳಗೇ ಇದ್ದಾರೆ, ಮತ್ತೆ ಹೊಸ ಕೀ ಮಾಡಲು ನೋಡುತ್ತಾರೆ.

"ತಪ್ಪಾಗಿ ನಿನ್ ಖಾತೆ ರಿಪೋರ್ಟ್ ಮಾಡ್ಬಿಟ್ಟೆ, ಈ ಅಡ್ಮಿನ್ ಹತ್ರ ಮಾತಾಡು" ಎಂದು ಬಂದಿದೆ.

ಉತ್ತರ ಕೊಡಬೇಡಿ. ಸ್ಟೀಮ್ ಸಪೋರ್ಟ್‌ನವರು ಡಿಸ್ಕಾರ್ಡ್‌ನಲ್ಲಾಗಲಿ ಸ್ಟೀಮ್ ಚಾಟ್‌ನಲ್ಲಾಗಲಿ ಆಟಗಾರರ ಜೊತೆ ಮಾತಾಡುವುದಿಲ್ಲ, ವಸ್ತುಗಳನ್ನು "ಪರೀಕ್ಷೆಗೆ" ಬೇರೆ ಖಾತೆಗೆ ಕಳಿಸಲು ಹೇಳುವುದೂ ಇಲ್ಲ. ಸಂದೇಶ ಬಂದದ್ದು ನಿಮ್ಮ ಕ್ಲಾಸ್‌ಮೇಟ್ ಖಾತೆಯಿಂದಾದರೆ ಅವರಿಗೆ ಫೋನ್ ಮಾಡಿ ತಿಳಿಸಿ, ಅವರ ಖಾತೆ ಆಗಲೇ ಹೋಗಿದೆ.

ಮಿಡಲ್‌ಮ್ಯಾನ್ (ನಡುವೆ ನಿಂತು ವಸ್ತು, ಹಣ ದಾಟಿಸುವವನು) ಇಟ್ಟುಕೊಂಡರೆ ಸುರಕ್ಷಿತವೇ?

ಮಂಡಿಯ ದಲ್ಲಾಳಿಗೆ ಅಂಗಡಿ ಇದೆ, ಲೈಸೆನ್ಸ್ ಇದೆ, ನಾಳೆಯೂ ಅಲ್ಲೇ ಕೂತಿರುತ್ತಾನೆ. ಚಾಟ್ ಗುಂಪಿನ ಮಿಡಲ್‌ಮ್ಯಾನ್‌ಗೆ ಅದ್ಯಾವುದೂ ಇಲ್ಲ. ಬಹಳ ಸಲ ಮಿಡಲ್‌ಮ್ಯಾನೂ ಕೊಳ್ಳುವವನೂ ಒಬ್ಬನೇ, ಎರಡು ಖಾತೆ. "ನೂರಾರು ಡೀಲ್ ಮಾಡಿದ್ದಾನೆ" ಎಂಬ ಹೊಗಳಿಕೆಯ ಸಂದೇಶಗಳೂ ಅವನವೇ ಆಗಿರಬಹುದು. ನಿಜವಾಗಿ ಹೆಸರಿರುವ ಒಬ್ಬರ ಹೆಸರು, ಫೋಟೊ ನಕಲು ಮಾಡಿ ಒಂದು ಅಕ್ಷರ ಬದಲಿಸಿ ಬರುವುದೂ ಸಾಮಾನ್ಯ. ಆಟ ಟ್ರೇಡ್ ವಿಂಡೋ ಕೊಟ್ಟಿರುವಾಗ ಮೂರನೆಯವರ ಕೈಗೆ ವಸ್ತು ಕೊಡಲು ಕಾರಣವೇ ಇಲ್ಲ.

ಸ್ಕಿನ್ ಮಾರಿ ಯುಪಿಐನಲ್ಲಿ ಹಣ ತಗೊಳ್ಳಬಹುದೇ?

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅಪಾಯ ಎರಡೂ ಕಡೆ ಇದೆ.

ಕೊಳ್ಳುವವರ ಕಡೆಯದು: 2025ರ ಜುಲೈನಿಂದ ಕೌಂಟರ್ ಸ್ಟ್ರೈಕ್ 2ರಲ್ಲಿ ಟ್ರೇಡ್ ಮಾಡಿದ ವಸ್ತುವಿಗೆ 7 ದಿನದ ರಕ್ಷಣೆ ಇದೆ. ಆ ಅವಧಿಯಲ್ಲಿ ಕೊಟ್ಟವರು ಟ್ರೇಡ್ ಹಿಂದೆಗೆದುಕೊಳ್ಳಬಹುದು. ಹಾಗೆ ಮಾಡಿದರೆ ಹಿಂದಿನ 7 ದಿನದ ಅಂಥ ಎಲ್ಲ ಟ್ರೇಡೂ ಒಟ್ಟಿಗೆ ರದ್ದಾಗುತ್ತವೆ, ಖಾತೆಗೆ 30 ದಿನ ಟ್ರೇಡ್ ನಿರ್ಬಂಧ ಬೀಳುತ್ತದೆ. ಖಾತೆ ಕಳೆದುಕೊಂಡವರಿಗೆ ಇದು ದೊಡ್ಡ ಉಪಕಾರ. ಆದರೆ ಹೊರಗೆ ಯುಪಿಐನಲ್ಲಿ ಹಣ ಪಡೆದವರು ಆರನೇ ದಿನ ಸ್ಕಿನ್ ಹಿಂದೆ ಎಳೆದುಕೊಂಡರೆ ಕೊಂಡವರ ಕೈಗೆ ಚಿಪ್ಪು. ಸ್ಟೀಮ್‌ಗೆ ಆ ಯುಪಿಐ ವ್ಯವಹಾರದ ಅರಿವೇ ಇಲ್ಲ.

ಮಾರುವವರ ಕಡೆಯದು ಇನ್ನೂ ಕೆಟ್ಟದ್ದು. ನೀವು ಭದ್ರಾವತಿಯಲ್ಲಿ ಕೂತು ಒಂದು ಚಾಕು ಸ್ಕಿನ್ 9000 ರೂಪಾಯಿಗೆ ಮಾರುತ್ತಿದ್ದೀರಿ ಎನ್ನಿ. ಕೊಳ್ಳುವವನು ನಿಮ್ಮ ಕ್ಯೂಆರ್ ಕೇಳಿ ಪಡೆಯುತ್ತಾನೆ. ಅದನ್ನು ಬೇರೆ ರಾಜ್ಯದ ಯಾರಿಗೋ ಕಳಿಸಿ, "ಹಳೇ ಮೊಬೈಲ್ ಮಾರ್ತಿದೀನಿ, ಇದಕ್ಕೆ 9000 ಹಾಕಿ" ಎನ್ನುತ್ತಾನೆ. ಅವರು ಹಾಕುತ್ತಾರೆ, ನೀವು ಸ್ಕಿನ್ ಕೊಡುತ್ತೀರಿ. ಮೊಬೈಲ್ ಬಾರದ ಅವರು ದೂರು ಕೊಟ್ಟಾಗ ದಾಖಲೆಯಲ್ಲಿ ಹಣ ಪಡೆದವರು ನೀವು. ಬ್ಯಾಂಕು ಆ ಮೊತ್ತವನ್ನು ತಡೆಹಿಡಿಯುತ್ತದೆ, ಕೆಲವೊಮ್ಮೆ ಖಾತೆಯೇ ಸ್ತಬ್ಧ. ಅಪ್ಪನ ಖಾತೆಯ ಕ್ಯೂಆರ್ ಕೊಟ್ಟಿದ್ದರೆ ಅಡಿಕೆ ದುಡ್ಡೂ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಆದ್ದರಿಂದ ನಮ್ಮ ಸಲಹೆ ಸ್ಟೀಮ್ ಮಾರ್ಕೆಟ್. ಈ ಆಟದ ವಸ್ತುವಿಗೆ ಕೊಳ್ಳುವವರು 115 ರೂಪಾಯಿ ಕೊಟ್ಟರೆ ನಿಮಗೆ 100 ಬರುತ್ತದೆ, 5 ಸ್ಟೀಮ್‌ಗೆ, 10 ಆಟಕ್ಕೆ. ಆ ಹಣ ವಾಲೆಟ್‌ನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ತರಲಾಗದು. ಅದು ಕೊರತೆಯೇ ಹೌದು, ಆದರೂ ಕಳ್ಳನಿಗೆ ನಡುವೆ ಬರಲು ಸಂದಿಲ್ಲ. ಸ್ಟೀಮ್ ಮೊಬೈಲ್ ಅಥೆಂಟಿಕೇಟರ್ (ಲಾಗಿನ್, ಟ್ರೇಡ್‌ಗಳನ್ನು ಫೋನಿನಲ್ಲಿ ಒಪ್ಪುವ ವ್ಯವಸ್ಥೆ) ಕನಿಷ್ಠ 7 ದಿನ ಮೊದಲೇ ಹಾಕಿಟ್ಟಿರಿ, ಇಲ್ಲದಿದ್ದರೆ ಟ್ರೇಡ್ 15 ದಿನದವರೆಗೆ ತಡೆಯಲ್ಲಿರುತ್ತದೆ.

ಹಣ ಕಳಿಸಿದ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ನಂಬಬಹುದೇ?

ಸ್ಕ್ರೀನ್‌ಶಾಟ್, ಎಸ್‌ಎಂಎಸ್ ಎರಡನ್ನೂ ನಂಬಬೇಡಿ. ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ತೆರೆದು ನೋಡಿ. ಹಣ ಬರಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಬ್ಯಾಲೆನ್ಸ್ ನೋಡುವುದಕ್ಕಲ್ಲದೆ ಯುಪಿಐ ಪಿನ್ ಕೇಳಿತೆಂದರೆ ಹಣ ನಿಮ್ಮಿಂದ ಹೋಗುತ್ತಿದೆ. "500ರ ಬದಲು 5000 ಹಾಕ್ಬಿಟ್ಟೆ, 4500 ವಾಪಸ್ ಹಾಕು" ಎನ್ನುವುದೂ ನಕಲಿ ಎಸ್‌ಎಂಎಸ್‌ನ ಆಟವೇ.

"ನಿನ್ ಖಾತೆಗೆ ಬರೋ ದುಡ್ಡು ನಂಗೆ ಕಳ್ಸು, ನೂರಕ್ಕೆ ಹತ್ತು ನಿಂದು" ಎನ್ನುತ್ತಾರೆ.

ಕಾಲೇಜು ಹುಡುಗರನ್ನು ಹುಡುಕಿಕೊಂಡು ಬರುವ ಕೆಲಸ ಇದು. ಆ ಹಣ ಬೇರೆಯವರನ್ನು ಮೋಸಮಾಡಿ ತಂದದ್ದು, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಖಾತೆ, ಎಟಿಎಂ ಕಾರ್ಡ್, ಸಿಮ್ ಯಾವುದನ್ನೂ ಬಾಡಿಗೆಗೆ ಕೊಡಬೇಡಿ.

ಗೇಮಿಂಗ್ ಸೆಂಟರಿನ ಕಂಪ್ಯೂಟರಿನಲ್ಲಿ ಟ್ರೇಡ್ ಮಾಡಬಹುದೇ?

ಆಟ ಆಡಿ, ಟ್ರೇಡ್ ಮನೆಗೆ ಬಂದು ಮಾಡಿ. ಪಾಸ್‌ವರ್ಡ್ ನೆನಪಿಡುವ ಆಯ್ಕೆಗೆ ಗುರುತು ಹಾಕಬೇಡಿ. ಕರೆಂಟ್ ಹೋಗಿ ಕಂಪ್ಯೂಟರ್ ಆರಿತೆಂದರೆ ಸೈನ್ ಔಟ್ ಆಗಿದೆ ಎಂದುಕೊಳ್ಳಬೇಡಿ, ಫೋನಿನಿಂದಲೇ ಉಳಿದ ಸಾಧನಗಳನ್ನು ಹೊರಹಾಕಿ.

ಮಗ ಅಮ್ಮನ ಫೋನಿನಲ್ಲಿ ಆಡುತ್ತಾನೆ. ಏನು ಮಾಡಿಡಬೇಕು?

ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಆ ಫೋನಿನಲ್ಲಿ ಯುಪಿಐ ಲೈಟ್ ಇದ್ದರೆ ತೆಗೆಯಿರಿ, ಅದರಲ್ಲಿ 1000 ರೂಪಾಯಿವರೆಗಿನ ಪಾವತಿಗೆ ಪಿನ್ ಕೇಳುವುದಿಲ್ಲ. ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಬದಲಿಸಿ. "ಫ್ರೀ ಡೈಮಂಡ್" ಎಂದು ಹೊರಗಿನಿಂದ ಹಾಕಿಸಿಕೊಂಡ ಆ್ಯಪ್ ಇದೆಯೇ ನೋಡಿ, ಅಂಥವು ಎಸ್‌ಎಂಎಸ್ ಓದುವ ಅನುಮತಿ ಪಡೆದು ಓಟಿಪಿ ಕದಿಯುತ್ತವೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಹೇಳಿದರೆ ಹೊಡೆಯುತ್ತೀರೆಂಬ ಭಯ ಅವನಿಗೆ ಇರಬಾರದು. 300 ರೂಪಾಯಿ ಹೋದಾಗ ಮುಚ್ಚಿಟ್ಟ ಮಗು ಅದನ್ನು ತುಂಬಿಸಲು ಹೋಗಿ 3000 ಕಳೆದುಕೊಳ್ಳುತ್ತದೆ. ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮೋಸ ಆಗಿಹೋಗಿದೆ. ಈಗಲೇ ಏನು ಮಾಡಲಿ?

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತ ಹೋಗುತ್ತದೆ, ಗಂಟೆ ಕಳೆದಷ್ಟೂ ತಡೆಯುವುದು ಕಷ್ಟ. ಕರೆಗೆ ಮುಂಚೆ ಇವು ಕೈಯಲ್ಲಿರಲಿ: ನಿಮ್ಮ ಬ್ಯಾಂಕ್ ಖಾತೆ ಸಂಖ್ಯೆ, ಮೊತ್ತ, ಸಮಯ, ಪಡೆದವರ ಯುಪಿಐ ಐಡಿ, 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ. ಆಮೇಲೆ cybercrime.gov.in ತಾಣದಲ್ಲಿ ದೂರು ತುಂಬಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ.

ಎದುರಿನವರನ್ನು ಬ್ಲಾಕ್ ಮಾಡುವ ಮೊದಲು ಚಾಟ್ ಪೂರ್ತಿ ಸ್ಕ್ರೀನ್ ರೆಕಾರ್ಡ್ ಮಾಡಿ. ಹೆಸರಿಗಿಂತ ಸಂಖ್ಯೆ ಮುಖ್ಯ: ಬಿಜಿಎಂಐನ ಕ್ಯಾರೆಕ್ಟರ್ ಐಡಿ, ಸ್ಟೀಮ್‌ನ 17 ಅಂಕಿಯ ಐಡಿ. ಹೆಸರು ಐದು ನಿಮಿಷದಲ್ಲಿ ಬದಲಾಗುತ್ತದೆ, ಸಂಖ್ಯೆ ಬದಲಾಗದು.

ಹೋದ ಸ್ಕಿನ್ ಕಂಪನಿಯವರು ವಾಪಸ್ ಕೊಡುತ್ತಾರೆಯೇ?

ನೀವೇ ಒಪ್ಪಿ ಮಾಡಿದ ಟ್ರೇಡ್‌ನ ವಸ್ತುವನ್ನು ಸ್ಟೀಮ್ ಸಪೋರ್ಟ್ ಮರಳಿಸುವುದಿಲ್ಲ. ಮೇಲೆ ಹೇಳಿದ 7 ದಿನದೊಳಗಿದ್ದರೆ ನೀವೇ ಹಿಂದೆಗೆದುಕೊಳ್ಳಿ. ಹಾಗೆಯೇ, "ಹೋದದ್ದನ್ನು ಹ್ಯಾಕ್ ಮಾಡಿ ತಂದುಕೊಡ್ತೀನಿ, 500 ಮೊದಲು ಹಾಕು" ಎಂದು ಬರುವವರು ಎರಡನೇ ಕಳ್ಳರು. ಎಷ್ಟೋ ಸಲ ಮೊದಲನೆಯವರೇ.

ಸಾಗರದಲ್ಲಿದ್ದೇನೆ. ದೂರಿಗೆ ಶಿವಮೊಗ್ಗಕ್ಕೇ ಬರಬೇಕೇ?

ಸೈಬರ್ ಅಪರಾಧಕ್ಕೆಂದು ಶಿವಮೊಗ್ಗದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

ಹೋಗಿರುವುದು ಬರೀ 400 ರೂಪಾಯಿ. ದೂರು ಕೊಡಬೇಕೇ?

ಕೊಡಿ. ಚಿಕ್ಕ ಮೊತ್ತಕ್ಕೆ ಯಾರೂ ಠಾಣೆ ಹತ್ತುವುದಿಲ್ಲ ಎಂಬ ಲೆಕ್ಕದಲ್ಲೇ ಅವರು 400 ಕೇಳುವುದು. ನಿಮ್ಮ ಗೆಳೆಯರೂ ಅದೇ ಯುಪಿಐ ಐಡಿಗೆ ಕಳಿಸಿದ್ದರೆ ಒಟ್ಟಿಗೆ ಒಂದೇ ದೂರು ಬರೆಯಬೇಡಿ. ಒಬ್ಬೊಬ್ಬರೂ ತಮ್ಮ ತಮ್ಮ ಉಲ್ಲೇಖ ಸಂಖ್ಯೆಯೊಂದಿಗೆ ಬೇರೆ ಬೇರೆ ದೂರು ಕೊಟ್ಟು, ಉಳಿದವರ ಸ್ವೀಕೃತಿ ಸಂಖ್ಯೆಗಳನ್ನು ವಿವರದ ಜಾಗದಲ್ಲಿ ಸೇರಿಸಿ.